ಪರದೆಯ ಮೇಲೆ ಅಂಕಿಯ ಅಚ್ಚುಕಟ್ಟು

1960ರಲ್ಲಿ ಮೊದಲ ರೂಪ ಪಡೆದ ಕೋಬಾಲ್ ಭಾಷೆಯಲ್ಲಿ ಪರದೆಗೆ ಬರೆಯುವ ಆಜ್ಞೆಯಾದ 'ಡಿಸ್‌ಪ್ಲೇ' ತೀರ ಸರಳವಾದುದು. ಆದರೆ ಅಂಕಿಯ ಹೊರರೂಪವನ್ನು ಅಕ್ಷರ ಅಕ್ಷರವಾಗಿ ನಿಗದಿಪಡಿಸುವ 'ಪಿಕ್ಚರ್' ಎಂಬ ವಿವರಣೆಯಲ್ಲಿ ಕಾಣುವ ಕುಶಲತೆ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಲೆಕ್ಕಕ್ಕೆಂದು ಇಟ್ಟ ಸಂಖ್ಯೆಯಲ್ಲಿ ದಶಮಾಂಶ ಬಿಂದುವಿನ ಸ್ಥಾನವನ್ನು 'ವಿ' ಅಕ್ಷರ ಸೂಚಿಸುತ್ತದೆಯಾದರೂ ಅದು ಸ್ಮೃತಿಯಲ್ಲಿ ಎಳ್ಳಷ್ಟೂ ಜಾಗ ಹಿಡಿಯುವುದಿಲ್ಲ. ಬಿಂದು ಕಣ್ಣಿಗೆ ಬೀಳುವುದು ಪ್ರದರ್ಶನದ ರೂಪದಲ್ಲಿ ಮಾತ್ರ. ಮುಂದಿನ ಸೊನ್ನೆಗಳನ್ನು ಅಳಿಸುವ 'ಝಡ್' ಅಕ್ಷರದಿಂದ 'ಝಡ್‌ಝಡ್,ಝಡ್‌ಝಡ್9.99' ಎಂದು ಬರೆದಿಟ್ಟರೆ, 1234.50 ಎಂಬ ಬೆಲೆ 1,234.50 ಎಂದು ತೋರುತ್ತದೆ. ಬೆಲೆ 45 ಆದಾಗ ಸೊನ್ನೆಗಳ ಜೊತೆಗೆ ಅಲ್ಪವಿರಾಮವೂ ಸದ್ದಿಲ್ಲದೆ ಮಾಯವಾಗಿ, 45.00 ತನ್ನ ಬಲ ಅಂಚಿಗೇ ನಿಲ್ಲುತ್ತದೆ. ಝಡ್ ಬದಲು ನಕ್ಷತ್ರಚಿಹ್ನೆ ಬಳಸಿದರೆ ಅದೇ ಮೊತ್ತ ****45.00 ಆಗುವುದರಿಂದ, ಚೆಕ್ಕಿನ ಖಾಲಿ ಜಾಗದಲ್ಲಿ ಯಾರೂ ಅಂಕಿ ತುರುಕಲಾರರು. ಅಲ್ಪವಿರಾಮದ ಸ್ಥಾನ ಬರೆಯುವವರ ಕೈಯಲ್ಲೇ ಇರುವ ಕಾರಣ, ಲಕ್ಷ-ಕೋಟಿಗಳ ನಮ್ಮ ವಿಂಗಡಣೆಗೂ (ಇದು ಸಣ್ಣ ಸೌಜನ್ಯವೇನಲ್ಲ) ಈ ಭಾಷೆ ತಕರಾರಿಲ್ಲದೆ ಒಗ್ಗುತ್ತದೆ. 24 ಸಾಲು, 80 ಕಂಬಗಳ ಟರ್ಮಿನಲ್ಲಿನಲ್ಲಿ ಯಾವ ಪದ ಎಲ್ಲಿ ಕೂರಬೇಕು, ಯಾವುದು ಹೊಳೆಯಬೇಕು ಎಂಬುದನ್ನು 'ಸ್ಕ್ರೀನ್ ಸೆಕ್ಷನ್' ಎಂಬ ಭಾಗ ಮೊದಲೇ ಘೋಷಿಸಿಬಿಡುತ್ತದೆ.