ಕೂಸಿನ ಮನೆಗೆ ಯಾರ ಗಡಿಯಾರ?

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಸಾಕು, ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಬಯಲಲ್ಲಿ ನಾಟಿಯ ಗಡಿಬಿಡಿ. ಹೆಂಗಸರು ಬಿಸಿಲೇರುವ ಮುಂಚೆಯೇ ಕೆಸರಿಗಿಳಿಯುತ್ತಾರೆ. ಕೈಗೂಸು ಅಜ್ಜಿಯ ಮಡಿಲಲ್ಲಿ, ಇಲ್ಲವೇ ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ. ಎರಡೂ ಇಲ್ಲದ ಮನೆಯಲ್ಲಿ ನಾಲ್ಕನೇ ಕ್ಲಾಸಿನ ಅಕ್ಕನ ಸೊಂಟದ ಮೇಲೆ. ಅವತ್ತು ಅಕ್ಕನಿಗೆ ಶಾಲೆ ಇಲ್ಲ. ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ಯನ್ನು ಈ ಬದುವಿನ ಮೇಲೆ ನಿಂತೇ ಅಳೆಯಬೇಕು.

2023ರ ಜುಲೈ ಬಜೆಟ್ಟಿನಲ್ಲಿ 4,000 ಪಂಚಾಯಿತಿಗಳಿಗೆ ಘೋಷಣೆಯಾದ ಈ ಯೋಜನೆಯ ದೊಡ್ಡ ಗುಣವೆಂದರೆ, ಅದು ಹಳೆಯದೊಂದು ತೂತನ್ನು ಗುರುತಿಸಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ಮಳವಳ್ಳಿಯ ನೆರೆಯ ತಿ. ನರಸೀಪುರದಲ್ಲಿ. ಅಂದಿನಿಂದ ಮೂರು ದಾಟಿದ ಮಕ್ಕಳಿಗೆ ಹಾಡು, ಆಟ, ಊಟ ಸಿಕ್ಕಿತು. ಮೂರರ ಕೆಳಗಿನ ಕೂಸಿಗೆ ಸಿಕ್ಕಿದ್ದು ತೂಕ, ಚುಚ್ಚುಮದ್ದು, ಮನೆಗೊಯ್ಯುವ ಆಹಾರದ ಪೊಟ್ಟಣ. ಕೂಸಿನ ಹೊಟ್ಟೆಗೆ ಲೆಕ್ಕವಿತ್ತು, ತಾಯಿಯ ಹೊತ್ತಿಗೆ ಇರಲಿಲ್ಲ. ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ಬಿಡಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆ ಹೇಳಿತ್ತು. ಆ ಸಾಲಿಗೆ ಒಂದು ಸೂರು ಕಟ್ಟಿಕೊಟ್ಟದ್ದು ಕೂಸಿನ ಮನೆ.

ಸೂರಿನ ಕೆಳಗಿರುವವರ ವಿಷಯಕ್ಕೆ ಬಂದರೆ ಮೆಚ್ಚುಗೆ ಅಳುಕುತ್ತದೆ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇರುವ ಊರಿನ ಹೆಂಗಸರೇ ತರಬೇತಿ ಪಡೆದು ಆರೈಕೆದಾರರಾಗುತ್ತಾರೆ, ಇದು ಒಳ್ಳೆಯದು. ಆದರೆ ನರೇಗಾ ಎಂಬ ಆ ಕಾಯ್ದೆಯ ನಿಯಮದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೂಲಿ ಮಾತ್ರ ಇತ್ತು. ಆದ್ದರಿಂದ ಬಂತು ಸರದಿ. ಕೂಲಿ ಹಂಚುವುದಕ್ಕೆ ಸರದಿ ನ್ಯಾಯವೇ, ಕೂಸಿಗೆ ಅಲ್ಲ. ಮುಖ ಹಿಡಿದು ನಗಲು ಕಲಿಯುವಷ್ಟರಲ್ಲಿ ಮುಖವೇ ಬದಲಾದರೆ ಅದು ಯಾರನ್ನು ನೆಚ್ಚಬೇಕು?

ಎರಡನೆಯ ಅಳುಕು ಗಡಿಯಾರ. ಕಚೇರಿಯ ಹೊತ್ತಿಗೆ ತೆರೆಯುವ ಬಾಗಿಲು ನಾಟಿಯವಳಿಗೆ ಸಿಗುವುದಿಲ್ಲ. ಮದ್ದೂರಿನಿಂದ ಬೆಳಗಿನ ವ್ಯಾನು ಹತ್ತುವ ಗಾರ್ಮೆಂಟ್ಸ್‌ ತಾಯಿಗೂ ಸಿಗುವುದಿಲ್ಲ. 50 ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ 4 ಸಲ ತಾಯಿ ಮಗುವನ್ನು ನೋಡಿ ಬರಬಹುದು ಎಂದಿತು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ. ನಿಲ್ಲಲೂ ಜಾಗವಿಲ್ಲದ ವ್ಯಾನಿನಲ್ಲಿ ಹಸುಗೂಸನ್ನು ಒಯ್ಯುವವರು ಯಾರು? ಊರಲ್ಲೇ ಉಳಿಯುವ ಕೂಸಿಗೆ ಊರಿನ ಮನೆಯೇ ಬೇಕು.

ಮೂರನೆಯದು ಮಕ್ಕಳ ಪಟ್ಟಿ. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದು ಗದ್ದೆ ಅಂಚಿನ ಗುಡಿಸಲಲ್ಲಿ ತಂಗುವವರ ಜಾಬ್ ಕಾರ್ಡ್ ಇರುವುದು ಇನ್ನೊಂದು ಪಂಚಾಯಿತಿಯಲ್ಲಿ. ಆಲೆಮನೆಯ ಕೊಪ್ಪರಿಗೆಯ ಪಕ್ಕದಲ್ಲೇ ಅಂಬೆಗಾಲಿಡುವ ಮಗುವಿಗೆ ಜೋಪಾನ ಎಲ್ಲರಿಗಿಂತ ಮೊದಲು ಬೇಕು. ಪಟ್ಟಿಯಲ್ಲಿ ಅದು ಎಲ್ಲರಿಗಿಂತ ಕೊನೆ. ಹಾಗೆಯೇ ಕತ್ತು ನಿಲ್ಲದ, ಕಿವಿ ಕೇಳದ ಮಗುವನ್ನು ‘ನಮ್ಮ ಕೈಲಾಗದು’ ಎನ್ನದೆ ಎತ್ತಿಕೊಳ್ಳಬೇಕಾದರೆ ಕೆಲವು ದಿನದ ತರಬೇತಿ ಸಾಲದು, ಬೆನ್ನಿಗೊಬ್ಬರು ಬಲ್ಲವರು ಇರಬೇಕು.

ಮಾಡಬೇಕಾದದ್ದು ದುಬಾರಿಯದೇನಲ್ಲ. ನಾಟಿ ಮತ್ತು ಕಟಾವಿನ ತಿಂಗಳುಗಳಲ್ಲಿ ಬಾಗಿಲು ಬೆಳಗ್ಗೆ ಏಳಕ್ಕೇ ತೆರೆಯಲಿ. ವರ್ಷವಿಡೀ ಇಬ್ಬರದೇ ಮುಖವಿರಲಿ, ಅವರಿಗೆ ಕೂಲಿಯಲ್ಲ, ತಿಂಗಳ ಸಂಬಳ ಸಿಗಲಿ. ಊರಲ್ಲಿ ಇರುವ ಕೂಸೆಲ್ಲ ಊರಿನ ಕೂಸೆಂದು ಬರೆದುಕೊಳ್ಳಲಿ. ಎಷ್ಟು ಮನೆ ಉದ್ಘಾಟನೆಯಾದವು ಎಂಬ ಲೆಕ್ಕ ಪಂಚಾಯಿತಿಯ ಬಳಿ ಇದ್ದೇ ಇರುತ್ತದೆ. ನಾಟಿಯ ತಿಂಗಳಲ್ಲಿ ಪಕ್ಕದ ಶಾಲೆಯ ಹಾಜರಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಲಿ: ನಾಲ್ಕನೇ ಕ್ಲಾಸಿನ ಆ ಅಕ್ಕ ಬಂದಿದ್ದಾಳೆಯೇ?