ಬಿಟ್ಟು ಹೋಗಬಲ್ಲವರ ಸಂಗ

ಪಿಯುಸಿ ಪರೀಕ್ಷೆ ಮುಗಿಸಿ ನಾಲ್ಕು ದಿನಕ್ಕೆಂದು ಬಂದ ಅಕ್ಕನ ಮಗಳು ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತು, "ಮಾಮ, ನಾಲ್ಕೈದು ಜನ ಸೇರ್ಕೊಂಡು ಏನನ್ನೋ ಹುಡುಕ್ಕೊಂಡು ಹೊರಡ್ತಾರಲ್ಲ, ಅಂಥದ್ದೊಂದು ಫ್ಯಾಂಟಸಿ ಕಾದಂಬರಿ ಕೊಡು" ಅಂದಳು. ನನ್ನ ಕೈ ಅಭ್ಯಾಸಬಲದಿಂದ ಟೋಲ್ಕಿನ್ ಕಡೆಗೆ ಹೋಯಿತು. ಹಾಗೆಯೇ ವಾಪಸು ಬಂತು. ಈ ಪ್ರಶ್ನೆಗೆ ಎಷ್ಟೋ ವರ್ಷದಿಂದ ಇದೊಂದೇ ಉತ್ತರ ಕೊಡುತ್ತ ಬಂದವನು ನಾನು. ಆ ಉತ್ತರದಲ್ಲಿ ಪುಸ್ತಕ ಸರಿ, ಕಾರಣ ತಪ್ಪು ಎಂಬ ಗುಮಾನಿ ಈಚೆಗೆ ಗಟ್ಟಿಯಾಗಿದೆ.

ಇಂಥ ಪುಸ್ತಕ ಕೇಳಿದವರಿಗೆ ಸಿಗುವ ಸಲಹೆಯೆಲ್ಲ ಒಂದೇ ಅಚ್ಚಿನದು. ಮೊದಲು ಟೋಲ್ಕಿನ್ನನ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. ಆಮೇಲೆ ಟೆರಿ ಬ್ರೂಕ್ಸ್, ಡೇವಿಡ್ ಎಡಿಂಗ್ಸ್, ಡ್ರ್ಯಾಗನ್‌ಲ್ಯಾನ್ಸ್. ಎದೆಗಾರಿಕೆ ಇದ್ದರೆ ರಾಬರ್ಟ್ ಜೋರ್ಡನ್ ಶುರುಮಾಡಿ ಬ್ರ್ಯಾಂಡನ್ ಸ್ಯಾಂಡರ್ಸನ್ 2013ರಲ್ಲಿ ಮುಗಿಸಿದ 14 ಸಂಪುಟಗಳು. ಈ ಪಟ್ಟಿಯ ಬೆನ್ನಿಗೆ ಒಂದು ನಂಬಿಕೆ ಇದೆ. ಒಬ್ಬ ಮಾಂತ್ರಿಕ, ಒಬ್ಬ ಕತ್ತಿಯಾಳು, ಒಬ್ಬ ಬಿಲ್ಲುಗಾರ, ಒಬ್ಬ ಕಳ್ಳ, ಹೀಗೆ ತಲೆಗೊಂದು ಕಸುಬು ಇರಬೇಕು. ಕಷ್ಟ ಹೆಚ್ಚಿದಷ್ಟೂ ಅವರ ನಂಟು ಬಿಗಿಯಾಗಬೇಕು. ಕೊನೆಗೆ ಎಲ್ಲರೂ ಒಟ್ಟಾಗಿ ಗೆಲ್ಲಬೇಕು. ಈ ಬಗೆಯ ಕಥೆಗೆ ಟೋಲ್ಕಿನ್ನನೇ ಮೂಲಪುರುಷ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡವರು ಪುಸ್ತಕವನ್ನು ಮತ್ತೊಮ್ಮೆ ತೆರೆದು ಎಣಿಸಿದಂತಿಲ್ಲ.

ನಾನು ಎಣಿಸಿದೆ. ಮೂರು ಸಂಪುಟ ಸೇರಿ 62 ಅಧ್ಯಾಯಗಳು. ಕೇಡಿನ ಉಂಗುರವೊಂದನ್ನು ಬೆಂಕಿಗೆ ಹಾಕಲು ಒಂಬತ್ತು ಮಂದಿ ರಿವೆಂಡೆಲ್‌ನಿಂದ ಹೊರಡುವುದು ಡಿಸೆಂಬರ್ 25ಕ್ಕೆ. ಮೋರಿಯಾದ ಸೇತುವೆಯ ಮೇಲಿಂದ ಮಾಂತ್ರಿಕ ಗ್ಯಾಂಡಾಲ್ಫ್ ಪಾತಾಳಕ್ಕೆ ಬೀಳುವುದು ಜನವರಿ 15ಕ್ಕೆ. ಅಂದರೆ ಲೋಕವೆಲ್ಲ ಕೊಂಡಾಡುವ ಆ ಒಂಬತ್ತು ಜನರ ಕೂಟ ಇಡಿಯಾಗಿ ನಡೆದದ್ದು ಸುಮಾರು ಮೂರು ವಾರ, ಮೂರು ಅಧ್ಯಾಯ. ಉಳಿದವರು ಫೆಬ್ರವರಿ 26ರವರೆಗೆ ಹೇಗೋ ಜೊತೆಗಿರುತ್ತಾರೆ. ಅಂದು ಬೊರೊಮಿರ್ ಉಂಗುರಕ್ಕೆ ಕೈಹಾಕುತ್ತಾನೆ, ಉಂಗುರ ಹೊತ್ತ ಫ್ರೋಡೊ ಯಾರಿಗೂ ಹೇಳದೆ ದೋಣಿ ಹತ್ತುತ್ತಾನೆ, ಕೂಟ ಚದುರುತ್ತದೆ. ಮೊದಲ ಸಂಪುಟದ ಹೆಸರಿನಲ್ಲಿ ಕೂಟ ಇದೆ, ಅದರ ಕೊನೆಯ ಅಧ್ಯಾಯದ ಹೆಸರಿನಲ್ಲೇ ಕೂಟ ಮುರಿಯುತ್ತದೆ. ಉಂಗುರ ಬೆಂಕಿಗೆ ಬಿದ್ದ ಮೇಲೆ ಬದುಕುಳಿದ ಎಂಟು ಮಂದಿ ಮತ್ತೆ ಸೇರುತ್ತಾರೆ, ನಿಜ. ಸೇರಿದ ಮೇಲೆ ಮಾಡುವ ದೊಡ್ಡ ಕೆಲಸವೆಂದರೆ ಒಬ್ಬರನ್ನೊಬ್ಬರು ಬೀಳ್ಕೊಡುವುದು. ಒಗ್ಗಟ್ಟಿನಲ್ಲಿ ಬಲವಿದೆ ಎಂದು ಸಾರುವ ಪುಸ್ತಕವೆಂದು ಇದನ್ನು ಕೈಗಿಟ್ಟರೆ ಓದುವ ಮಗು ಎರಡನೇ ಸಂಪುಟದಲ್ಲಿ, "ಎಲ್ಲಿ ಹೋದರು ಅವರೆಲ್ಲ?" ಎಂದು ಕೇಳುತ್ತದೆ. ಕೇಳಲೇಬೇಕು.

ತಪ್ಪಿನಲ್ಲಿ ಸಿನಿಮಾದ ಪಾಲೂ ಇದೆ. ಪೀಟರ್ ಜಾಕ್ಸನ್ 2001ರಲ್ಲಿ ತೆಗೆದ ಮೊದಲ ಚಿತ್ರದಲ್ಲಿ, ಹೊರಡುವ ಮುಂಚಿನ ಸಭೆಯ ನಡುವೆ ಒಬ್ಬೊಬ್ಬರೇ ಎದ್ದು ಬಂದು ನನ್ನ ಕತ್ತಿ ನಿನಗೆ, ನನ್ನ ಬಿಲ್ಲು ನಿನಗೆ ಎಂದು ಮಾತು ಕೊಡುತ್ತಾರೆ. ನೋಡುವಾಗ ಮೈ ಜುಮ್ಮೆನ್ನುತ್ತದೆ, ನನಗೂ ಅಂದಿತ್ತು. ಕಾದಂಬರಿಯಲ್ಲಿ ಆ ದೃಶ್ಯವೇ ಇಲ್ಲ. ಸಭೆ ಮುಗಿದು ಎರಡು ತಿಂಗಳು ಕಳೆಯುತ್ತದೆ, ರಿವೆಂಡೆಲ್‌ನ ಒಡೆಯ ಎಲ್ರಂಡ್ ಕೂತು ಲೆಕ್ಕ ಹಾಕಿ ಹೆಸರು ಆರಿಸುತ್ತಾನೆ, ಕೊನೆಯ ಎರಡು ಜಾಗದ ಬಗ್ಗೆ ಚರ್ಚೆ ನಡೆಯುತ್ತದೆ. ಹೊರಡುವ ಹೊತ್ತಿಗೆ ಅವನು ಹೇಳುವ ಮಾತಿನ ಸಾರ ಇಷ್ಟು: ಉಂಗುರ ಹೊತ್ತವನಿಗೆ ಮಾತ್ರ ಹೊಣೆ, ಮಿಕ್ಕವರು ಎಲ್ಲಿ ಬೇಕಾದರೂ ನಿಲ್ಲಬಹುದು, ಹಿಂದಿರುಗಬಹುದು, ಯಾರಿಂದಲೂ ಪ್ರಮಾಣ ಮಾಡಿಸುವುದಿಲ್ಲ. ಒಂಬತ್ತರಲ್ಲಿ ಒಬ್ಬನಾದ ಗಿಮ್ಲಿಗೆ ಇದು ಹಿಡಿಸುವುದಿಲ್ಲ, ಕತ್ತಲಾದಾಗ ಕೈಬಿಟ್ಟು ಹೋಗುವವನು ಎಂಥ ಗೆಳೆಯ ಎಂದು ವಾದಿಸುತ್ತಾನೆ. ಎಲ್ರಂಡ್ ಸೋಲುವುದಿಲ್ಲ.

ಟೋಲ್ಕಿನ್ನನ ಕೂಟವನ್ನು ಕೂಟವಾಗಿಸಿದ್ದು ಈ ಪ್ರಮಾಣವಿಲ್ಲದಿರುವಿಕೆ ಎಂಬುದು ನನ್ನ ವಾದ. ಬಿಟ್ಟು ಹೋಗಲು ದಾರಿ ತೆರೆದಿರುವುದರಿಂದಲೇ ಅಲ್ಲಿ ಉಳಿದವರ ಉಳಿಯುವಿಕೆಗೆ ಬೆಲೆ. ಫ್ರೋಡೊನ ಆಳು ಸ್ಯಾಮ್‌ನನ್ನು ನೋಡಿ. ಅವನನ್ನು ಬಿಟ್ಟು ಹೋಗಲು ಫ್ರೋಡೊನೇ ನೋಡುತ್ತಾನೆ. ಈಜು ಬಾರದ ಆಸಾಮಿ ನೀರಿಗೆ ಧುಮುಕಿ ಮುಳುಗುವಂತಾಗಿ ದೋಣಿ ಸೇರುತ್ತಾನೆ. ಭವಿಷ್ಯವಾಣಿಯಲ್ಲಿ ಅವನ ಹೆಸರು ಬರೆದಿದ್ದರೆ ಆ ಧುಮುಕುವಿಕೆಗೆ ಏನು ಅರ್ಥ ಉಳಿಯುತ್ತಿತ್ತು?

ಹಾಗಾದರೆ ತಲೆಗೊಂದು ಕಸುಬಿನ ತಂಡ ಎಲ್ಲಿಂದ ಬಂತು? ಆಟದ ಮೇಜಿನಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ನ್ಯಾಯವೇ ಬೇರೆ. ಭಾನುವಾರ ಮಧ್ಯಾಹ್ನ ಐದು ಹುಡುಗರು ಮೇಜಿನ ಸುತ್ತ ಕೂತರೆ ಒಬ್ಬನೂ ಸುಮ್ಮನೆ ಕೂರುವಂತಾಗಬಾರದು. ಬಾಗಿಲಿನ ಬೀಗ ಒಬ್ಬ ತೆಗೆಯಲಿ, ಗಾಯ ಇನ್ನೊಬ್ಬ ವಾಸಿಮಾಡಲಿ, ರಾಕ್ಷಸನನ್ನು ಮತ್ತೊಬ್ಬ ಬಡಿಯಲಿ. ನಡುವೆ ಒಬ್ಬ ಎದ್ದು ಮನೆಗೆ ಹೋದರೆ ಆಟ ಕೆಡುತ್ತದೆ. ಆಟಕ್ಕೆ ಇದು ಒಳ್ಳೆಯ ನಿಯಮ, ನನಗೆ ತಕರಾರಿಲ್ಲ. (ಆಟದಲ್ಲಿ ಮೊದಲು 'ಹಾಬಿಟ್' ಎಂದೇ ಇತ್ತು, ಹಕ್ಕುದಾರರು ಕಣ್ಣು ಕೆಂಪಗೆ ಮಾಡಿದ ಮೇಲೆ ಹೆಸರು ಬದಲಾಯಿತು.) ತಕರಾರು ಇರುವುದು ಆ ನಿಯಮ ಕಾದಂಬರಿಯ ಒಳಗೆ ನುಸುಳಿದ್ದಕ್ಕೆ. ಡ್ರ್ಯಾಗನ್‌ಲ್ಯಾನ್ಸ್‌ನ ಮೊದಲ ಕಾದಂಬರಿ 1984ರಲ್ಲಿ ಬಂದದ್ದು ಈ ಆಟದ ಮನೆಯಿಂದಲೇ. ಅದಕ್ಕೂ ಮೊದಲು, 1977ರಲ್ಲಿ, ಟೆರಿ ಬ್ರೂಕ್ಸ್ 'ದಿ ಸೋರ್ಡ್ ಆಫ್ ಶನ್ನಾರ'ದಲ್ಲಿ ಟೋಲ್ಕಿನ್ನನ ಕೂಟವನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡಿದ್ದ. ಅದು 'ನ್ಯೂಯಾರ್ಕ್ ಟೈಮ್ಸ್'ನ ಮಾರಾಟದ ಪಟ್ಟಿ ಹತ್ತಿದ್ದೇ ತಡ, ಪ್ರಕಾಶಕರಿಗೆ ಸೂತ್ರ ಸಿಕ್ಕಿತು. ಆ ಮೇಲೆ ಆದದ್ದು ಒಂದು ತಮಾಷೆ. ಮಕ್ಕಳಿಗಿಂತ ಅಪ್ಪನನ್ನು ತಡವಾಗಿ ಕಂಡವರು ಅಪ್ಪನಲ್ಲಿ ಮಕ್ಕಳ ಹೋಲಿಕೆ ಹುಡುಕಿದರು. ಆಟ ಆಡಿ ಬೆಳೆದವರು ಟೋಲ್ಕಿನ್ನನನ್ನು ಆಟದ ಕಣ್ಣಿನಿಂದ ಓದಿ, ಅಲ್ಲಿ ಇಲ್ಲದ ತಂಡವನ್ನು ಕಂಡರು.

ಎಡಿಂಗ್ಸ್‌ನ 'ಬೆಲ್ಗೇರಿಯಡ್' 1982ರಿಂದ 84ರವರೆಗೆ ಐದು ಸಂಪುಟಗಳಾಗಿ ಬಂತು. ಅಲ್ಲಿ ಯಾರು ಯಾರು ಜೊತೆಗೆ ಬರಬೇಕೆಂದು ಭವಿಷ್ಯವಾಣಿ ಮೊದಲೇ ಪಟ್ಟಿ ಮಾಡಿಟ್ಟಿದೆ. ಒಬ್ಬೊಬ್ಬರು ಸಿಕ್ಕಿದಂತೆಲ್ಲ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವುದಷ್ಟೇ ಬಾಕಿ. ನಾನು ಹದಿನಾರರ ವಯಸ್ಸಿನಲ್ಲಿ ಇದನ್ನು ಊಟ ಬಿಟ್ಟು ಓದಿದವನು. ಅವರ ಹರಟೆ, ಕೀಟಲೆ ಇವತ್ತಿಗೂ ಸೊಗಸು. ಆದರೆ ಅವರಲ್ಲಿ ಒಬ್ಬನೂ ಯಾವತ್ತೂ ಹೊರಟು ಹೋಗಲಾರ ಎಂದು ಗೊತ್ತಾದ ಮೇಲೆ ಆ ಸ್ನೇಹ ಬಡಗಿಯ ಪೆಟ್ಟಿಗೆಯಲ್ಲಿ ಉಳಿ, ಗರಗಸ ಒಟ್ಟಿಗೆ ಇದ್ದ ಹಾಗೆ ಕಾಣುತ್ತದೆ. ಡಯಾನಾ ವಿನ್ ಜೋನ್ಸ್ 1996ರಲ್ಲಿ 'ದಿ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್' ಎಂಬ ಪುಸ್ತಕದಲ್ಲಿ ಈ ಇಡೀ ವ್ಯಾಪಾರವನ್ನು ಪ್ರವಾಸಿ ಕೈಪಿಡಿಯ ಧಾಟಿಯಲ್ಲಿ ಗೇಲಿ ಮಾಡಿದಳು. ಬೇಯಲು ಗಂಟೆಗಟ್ಟಲೆ ಹಿಡಿಯುವ ಮಾಂಸದ ಸಾರನ್ನು ದಣಿದು ಬಂದ ಪಯಣಿಗರು ದಿನಾ ರಾತ್ರಿ ಹೇಗೆ ಮಾಡಿಕೊಂಡು ಉಣ್ಣುತ್ತಾರೆ ಎಂಬ ಅವಳ ಪ್ರಶ್ನೆಗೆ ಅಡುಗೆಮನೆಯ ಮುಖ ಕಂಡ ಯಾರೂ ನಗದೆ ಇರಲಾರರು.

ಇಷ್ಟಕ್ಕೆ ಒಂದು ಆಕ್ಷೇಪ ಬರುತ್ತದೆ, ಬರಲಿ. ಜನ ಇಂಥ ಪುಸ್ತಕ ಕೇಳುವುದು ನೆಮ್ಮದಿಗೆ. ಹೊರಗೆ ಎಲ್ಲವೂ ಮುರಿದು ಬೀಳುತ್ತಿರುವಾಗ ಒಳಗಾದರೂ ಮುರಿಯದ ಗೆಳೆತನ ಬೇಡವೇ? ಬೇಕು. ಆದರೆ ಮುರಿಯಲಾರದ್ದಕ್ಕೂ ಮುರಿಯದೆ ಉಳಿದದ್ದಕ್ಕೂ ವ್ಯತ್ಯಾಸವಿದೆ. ನೆಮ್ಮದಿ ಕೊಡುವುದು ಎರಡನೆಯದು.

ಅದಕ್ಕೇ ನನ್ನ ಕೈ ಆ ದಿನ ಮೊಲಗಳ ಪುಸ್ತಕದ ಮೇಲೆ ಹೋಗಿ ನಿಂತಿತು. ರಿಚರ್ಡ್ ಆಡಮ್ಸ್ ಇಂಗ್ಲೆಂಡಿನ ಸರ್ಕಾರಿ ನೌಕರನಾಗಿದ್ದ. ಕಾರಿನಲ್ಲಿ ಹೋಗುವಾಗ ಹೆಣ್ಣುಮಕ್ಕಳಿಬ್ಬರಿಗೆ ಹೇಳಿದ ಕಥೆಯನ್ನು ಬರೆದ; ಹಲವು ಪ್ರಕಾಶಕರು ಬೇಡವೆಂದ ಮೇಲೆ 1972ರಲ್ಲಿ ಅದು 'ವಾಟರ್‌ಶಿಪ್ ಡೌನ್' ಆಗಿ ಅಚ್ಚಾಯಿತು. ಹ್ಯಾಂಪ್‌ಶೈರ್‌ನಲ್ಲಿ ಆ ಹೆಸರಿನ ಗುಡ್ಡ ನಿಜವಾಗಿಯೂ ಇದೆ. ಮೊಲಗಳ ಕಥೆ ವೀರರ ಪಟ್ಟಿಗೆ ಹೇಗೆ ಸೇರುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಅವರು ನದಿ ದಾಟುವ ಪ್ರಸಂಗ ಓದಲಿ. ಹಳೆಯ ಬಿಲ ಬಿಟ್ಟು ಹೊರಟ ಮೊಲಗಳ ಹಿಂದೆ ಕಾಡಿನಲ್ಲಿ ನಾಯಿ ಓಡಾಡುತ್ತಿದೆ. ಪಿಪ್ಕಿನ್ ಮತ್ತು ಫೈವರ್‌ಗೆ ಈಜುವ ಕಸುವಿಲ್ಲ. ಗಟ್ಟಿಮುಟ್ಟಾದ ಬಿಗ್‌ವಿಗ್, ಆಗುವವರು ಈಗಲೇ ದಾಟೋಣ ಎನ್ನುತ್ತಾನೆ. ನಾಯಕ ಹೇಜಲ್ ಒಪ್ಪುವುದಿಲ್ಲ; ಹಾಗಂತ ಅವನಿಗೆ ಬೇರೆ ಉಪಾಯವೂ ಗೊತ್ತಿಲ್ಲ. ಬ್ಲ್ಯಾಕ್‌ಬೆರಿಗೆ ದಡದಲ್ಲಿ ಬಿದ್ದ ಒಂದು ಹಲಗೆ ಕಾಣುತ್ತದೆ. ಹಲಗೆ ತೇಲುತ್ತದೆ ಎಂಬುದು ನಾಯಕನ ತಲೆಗೆ ಹೋಗುವುದೇ ಇಲ್ಲ, ಆದರೂ ಹೂಂ ಎನ್ನುತ್ತಾನೆ. ಒಂದು ಗುಂಪು ಹೇಗೆ ತೀರ್ಮಾನಕ್ಕೆ ಬರುತ್ತದೆ, ಒಬ್ಬನಿಗೆ ಅರ್ಥವಾಗದ್ದನ್ನು ಇನ್ನೊಬ್ಬನ ಮೇಲಿನ ಭರವಸೆಯಿಂದ ಹೇಗೆ ಒಪ್ಪುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ಬರೆದ ಪುಟಗಳನ್ನು ಮಾಂತ್ರಿಕರ ಕಾದಂಬರಿಗಳಲ್ಲಿ ನಾನು ಕಂಡಿಲ್ಲ.

ದಾರಿಯಲ್ಲಿ ಅವಕ್ಕೆ ಕೌಸ್ಲಿಪ್ ಎಂಬ ಮೊಲದ ಬಿಲ ಸಿಗುತ್ತದೆ. ಅಲ್ಲಿ ಎಲ್ಲರೂ ದುಂಡಗಿದ್ದಾರೆ, ಮೇವು ಬೇಕಾದಷ್ಟಿದೆ. ಒಂದೇ ಒಂದು ಕಟ್ಟಳೆ: ಯಾರಾದರೂ ಕಾಣದಾದರೆ ಎಲ್ಲಿ ಹೋದ ಎಂದು ಕೇಳಬಾರದು. ಮೇವು ಹಾಕುವವನೇ ಉರುಲನ್ನೂ ಒಡ್ಡುತ್ತಾನೆ ಎಂಬುದು ಅಲ್ಲಿಯ ಎಲ್ಲರಿಗೂ ಗೊತ್ತು. ಮುಂದೆ ಎಫ್ರಾಫ ಎಂಬ ಇನ್ನೊಂದು ಬಿಲ ಬರುತ್ತದೆ. ಜನರಲ್ ವೂಂಡ್‌ವರ್ಟ್‌ನ ಆಳ್ವಿಕೆಯಲ್ಲಿ ಪ್ರತಿ ಮೊಲದ ಮೈಮೇಲೆ ಕಚ್ಚಿದ ಗುರುತು ಇರುತ್ತದೆ, ಮೇಯಲು ಹೊರಗೆ ಬರುವ ಹೊತ್ತು ಗೊತ್ತುಮಾಡಿರುತ್ತದೆ. ಶಿಸ್ತು, ಒಗ್ಗಟ್ಟು, ತಲೆಗೊಂದು ಕೆಲಸ, ಎಲ್ಲವೂ ಇದೆ. ಹೈಜೆಂತ್ಲೇ ಎಂಬ ಹೆಣ್ಣುಮೊಲ ಮತ್ತವಳ ಗೆಳತಿಯರು ಇಲ್ಲಿ ಇಕ್ಕಟ್ಟಾಗಿದೆ, ಬೇರೆಡೆ ಹೋಗುತ್ತೇವೆ ಎಂದು ಕೇಳಿಕೊಂಡರೂ ಅನುಮತಿಯಿಲ್ಲ. ತಲೆಗೊಂದು ಕಸುಬಿನ ಆದರ್ಶ ತಂಡವನ್ನು ಅದರ ಕೊನೆಯವರೆಗೂ ಎಳೆದರೆ ಸಿಗುವುದು ಎಫ್ರಾಫವೇ. ಕೊನೆಯ ಕಾಳಗದಲ್ಲಿ ಬಿಗ್‌ವಿಗ್ ಒಂದು ಬಿಲದ ದಾರಿಗೆ ಅಡ್ಡ ನಿಂತು, ಇಲ್ಲಿ ಕಾಯೆಂದು ನನ್ನ ನಾಯಕ ಹೇಳಿದ್ದಾನೆ ಎನ್ನುತ್ತಾನೆ. ವೂಂಡ್‌ವರ್ಟ್ ಅಲ್ಲೇ ಅಧೀರನಾಗುತ್ತಾನೆ. ಇಷ್ಟು ದೊಡ್ಡ ಮೊಲಕ್ಕೇ ಒಬ್ಬ ನಾಯಕನಿದ್ದರೆ ಅವನಿನ್ನೆಷ್ಟು ದೈತ್ಯನಿರಬೇಕು! ಕುಂಟುತ್ತಿರುವ ಹೇಜಲ್ ಅವನ ಊಹೆಗೆ ನಿಲುಕುವುದಿಲ್ಲ.

ಪುಸ್ತಕಕ್ಕೆ ದೋಷವಿಲ್ಲವೆಂದಲ್ಲ. ಹೊರಟವರೆಲ್ಲ ಗಂಡುಗಳು, ಮರಿ ಬೇಕೆಂದಾಗ ಮಾತ್ರ ಹೆಣ್ಣುಗಳ ನೆನಪು ಬರುತ್ತದೆ. ಟೋಲ್ಕಿನ್ನನ ಒಂಬತ್ತರಲ್ಲೂ ಒಬ್ಬ ಹೆಣ್ಣಿಲ್ಲ. ಇದನ್ನು ಮುಚ್ಚಿಟ್ಟು ಯಾವ ಹುಡುಗಿಯ ಕೈಗೂ ಪುಸ್ತಕ ಕೊಡಬಾರದು.

ಎರಡನೆಯದಾಗಿ ನಾನು ಹೇಳುವ ಹೆಸರು ಇನ್ನೂ ಹಳೆಯದು, ಅದರ ನಾಯಕನ ಹೆಸರು ಕನ್ನಡದ ಶಾಲಾ ಮಕ್ಕಳಿಗೆಲ್ಲ ಗೊತ್ತು. ಏಳನೇ ಶತಮಾನದಲ್ಲಿ ಭಾರತ ಸುತ್ತಿ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನನ್ನು ನಾವು ಪರೀಕ್ಷೆಗೆ ಉರುಹೊಡೆದು ಮರೆತಿದ್ದೇವೆ. ಚೀನೀಯರು ಅವನ ಸುತ್ತ ನೂರು ಅಧ್ಯಾಯಗಳ ಕಾದಂಬರಿ ಕಟ್ಟಿದರು. 1592ರಲ್ಲಿ ಅಚ್ಚಾದ 'ಪಶ್ಚಿಮ ಯಾತ್ರೆ'ಯನ್ನು ಬರೆದವನು ವು ಚೆಂಗ್‌ಎನ್ ಎಂದು ವಾಡಿಕೆ. ಅದರಲ್ಲಿ ಬುದ್ಧನ ಗ್ರಂಥ ತರಲು ಹೊರಟ ಅಳುಬುರುಕ ಗುರು, ಜಗಳಗಂಟ ಕೋತಿ ಸುನ್ ವುಕಾಂಗ್, ಹೊಟ್ಟೆಬಾಕ ಹಂದಿ, ಮಾತು ಕಡಿಮೆಯ ಮೂರನೆಯ ಶಿಷ್ಯ, ಇವರಿಗೆಲ್ಲ ಒಂದು ಬಿಳಿ ಕುದುರೆ. ಟೋಲ್ಕಿನ್ ಓದಿದ ಪ್ರತಿಯೊಬ್ಬ ಜಾಣನೂ ಹದ್ದುಗಳ ಬೆನ್ನೇರಿ ಹೋಗಿ ಉಂಗುರ ಎಸೆದು ಬರಬಹುದಿತ್ತಲ್ಲ ಎಂದು ಕೇಳುತ್ತಾನೆ. ಆ ಪ್ರಶ್ನೆಯನ್ನು ಈ ಹಂದಿ ನಾಲ್ಕು ಶತಮಾನದ ಹಿಂದೆಯೇ ಕೇಳಿಯಾಗಿದೆ. ಒಂದು ಲಾಗಕ್ಕೆ ಚೀನೀ ಅಳತೆಯಲ್ಲಿ ಒಂದು ಲಕ್ಷ ಎಂಟು ಸಾವಿರ ಲೀ ದೂರ ಹಾರುವ ಕೋತಿ ಗುರುವನ್ನು ಹೊತ್ತು ಯಾಕೆ ಹಾರಬಾರದು? ಮನುಷ್ಯ ತಾನೇ ನಡೆದು ಪಡುವುದನ್ನು ಪಟ್ಟರೇ ಗ್ರಂಥ ದಕ್ಕುವುದು ಎನ್ನುತ್ತಾನೆ ಕೋತಿ.

ಕಷ್ಟ ಬಂದಾಗಲೆಲ್ಲ ಹಂದಿಯದು ಒಂದೇ ರಾಗ: ಗಂಟುಮೂಟೆ ಹಂಚಿಕೊಂಡು ಅವರವರ ಊರಿಗೆ ಹೋಗೋಣ, ನನ್ನ ಹೆಂಡತಿ ಕಾಯುತ್ತಿದ್ದಾಳೆ. ಗುರು ಸಿಟ್ಟಾಗಿ ಕೋತಿಯನ್ನು ಓಡಿಸುತ್ತಾನೆ, ಅವನಿಲ್ಲದೆ ಸಿಕ್ಕಿಬೀಳುತ್ತಾನೆ, ಮತ್ತೆ ಅವನೇ ಬಂದು ಬಿಡಿಸಬೇಕು. ಕೋತಿಯ ತಲೆಗೆ ಮಂತ್ರ ಹೇಳಿದರೆ ಬಿಗಿಯುವ ಚಿನ್ನದ ಪಟ್ಟಿ ಇದೆ ಎಂಬುದು ನನ್ನ ವಾದಕ್ಕೆ ಅಡ್ಡಗಾಲು, ಒಪ್ಪುತ್ತೇನೆ. ಆದರೆ ಕೊನೆಯಲ್ಲಿ ಆ ಪಟ್ಟಿ ತೆಗೆಯಿರಿ ಎಂದು ಅವನು ಕೇಳುವಾಗ ಅದು ಯಾವಾಗಲೋ ಮಾಯವಾಗಿರುತ್ತದೆ. ಕಾದಂಬರಿಗೂ ಆ ಪ್ರಶ್ನೆ ಕಾಡಿತ್ತೆಂದಾಯಿತು. ಇಷ್ಟೆಲ್ಲ ಪಟ್ಟು ಬುದ್ಧನ ಸನ್ನಿಧಿ ಮುಟ್ಟಿದರೆ ಅಲ್ಲಿಯ ಶಿಷ್ಯರ ಕೈ ಬೆಚ್ಚಗೆ ಮಾಡಲಿಲ್ಲವೆಂದು ಮೊದಲು ಸಿಗುವುದು ಬರಿಯ ಬಿಳಿ ಹಾಳೆಗಳ ಗ್ರಂಥ! ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ನೂರು ಅಧ್ಯಾಯ ಹೆಚ್ಚಾದರೆ ಆರ್ಥರ್ ವೇಲಿ 1942ರಲ್ಲಿ ಇಂಗ್ಲಿಷಿಗೆ ಇಳಿಸಿದ 'ಮಂಕಿ' ಸಾಕು.

ಈಚಿನವರಲ್ಲಿ ಜೋ ಅಬರ್‌ಕ್ರಾಂಬಿ 2006ರಿಂದ 2008ರವರೆಗೆ ಬರೆದ 'ಫಸ್ಟ್ ಲಾ' ಮೂರು ಸಂಪುಟಗಳು ಈ ದಾರಿಯವು. ಒಬ್ಬರನ್ನೊಬ್ಬರು ಸಹಿಸದ ಒಂದು ಗುಂಪು ಲೋಕದ ಅಂಚಿಗೆ ನಡೆಯುತ್ತದೆ. ಅಲ್ಲಿಂದ ಏನು ತಂದರೆಂದು ಹೇಳಿಬಿಟ್ಟರೆ ನಿಮ್ಮ ಸುಖ ಕೆಡುತ್ತದೆ. ರಕ್ತ ಜಾಸ್ತಿ, ಬೈಗುಳ ಇನ್ನೂ ಜಾಸ್ತಿ. ಪಿಯುಸಿ ಹುಡುಗಿಗೆ ಕೊಡುವಾಗ ಅಕ್ಕನ ಮುಖ ನೆನಪಾಗಿ ಅದನ್ನು ಕಪಾಟಿನಲ್ಲೇ ಬಿಟ್ಟೆ.

"ಮೊಲಗಳಾ, ಮಾಮ?" ಎಂದು ಮುಖಪುಟ ನೋಡಿ ಅವಳು ರಾಗ ಎಳೆದಳು. ಆದರೂ ಚೀಲಕ್ಕೆ ಹಾಕಿಕೊಂಡಳು. ಕಳೆದ ವಾರ ಫೋನಿನಲ್ಲಿ ಕೇಳಿದೆ. ಕೌಸ್ಲಿಪ್‌ನ ಬಿಲದವರೆಗೆ ಓದಿ ನಿಲ್ಲಿಸಿದ್ದಾಳಂತೆ, ಸಿಇಟಿಗೆ ಓದಬೇಕಂತೆ. ಪ್ರಮಾಣ ಮಾಡಿಸಿ ಕೊಟ್ಟಿರಲಿಲ್ಲವಲ್ಲ, ಸುಮ್ಮನಾದೆ.