ಪರನಾಡಿನ ಒಲೆ

ಪರದೇಶವನ್ನು ಕಂಡು ಬಂದವರ ಬರಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಪರದೇಶದಲ್ಲಿ ಮನೆ ಹೂಡಿದವರ ಬರಹ ಮಾತ್ರ ತೀರ ಕಡಿಮೆ. ಇವೆರಡರ ನಡುವಿನ ಅಂತರವನ್ನು ನಮ್ಮ ವಿಮರ್ಶೆ ಅಷ್ಟಾಗಿ ಗಮನಿಸಿದಂತಿಲ್ಲ. ನೋಡಲು ಹೋದವನಿಗೆ ಊಟ ಸಿದ್ಧವಾಗಿರುತ್ತದೆ, ಹಾಸಿಗೆ ಹಾಸಿರುತ್ತದೆ. ಅವನ ಕಣ್ಣು ನೇರವಾಗಿ ಗೋಪುರದ ಮೇಲೆ ಹೋಗಬಹುದು. ನೆಲಸಲು ಹೋದವನ ಕಣ್ಣು ಮೊದಲು ಒಲೆಯ ಮೇಲೆ ಬೀಳಬೇಕು. ಕಟ್ಟಿಗೆ ಎಲ್ಲಿ ಸಿಗುತ್ತದೆ, ನಲ್ಲಿ ಕೆಟ್ಟರೆ ಯಾರನ್ನು ಕರೆಯಬೇಕು, ಬ್ರೆಡ್ಡಿನ ಅಂಗಡಿಗೆ ಯಾವ ವಾರ ರಜೆ ಎಂಬುವು ಅವನ ಮೊದಲ ಪ್ರಶ್ನೆಗಳು. ಇವು ಸಾಹಿತ್ಯಕ್ಕೆ ತಕ್ಕ ವಸ್ತುವೆ? ಅಲ್ಲವೆಂದೇ ನಾನು ಬಹುಕಾಲ ನಂಬಿದ್ದೆ. ಫ್ರಾನ್ಸಿನ ಒಂದೇ ಸೀಮೆಯನ್ನು ಕುರಿತ ಎರಡು ಪುಸ್ತಕಗಳನ್ನು ಒಂದರ ಬೆನ್ನಿಗೆ ಒಂದು ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಎರಡೂ ಇಂಗ್ಲಿಷಿನಲ್ಲಿರುವ ಪುಸ್ತಕಗಳು. ಒಂದು, ಇಂಗ್ಲೆಂಡಿನ ಪೀಟರ್ ಮೇಲ್ 1989ರಲ್ಲಿ ಪ್ರಕಟಿಸಿದ ‘ಎ ಇಯರ್ ಇನ್ ಪ್ರೊವಾನ್ಸ್’. ಇನ್ನೊಂದು, ನಮ್ಮ ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾರಾಯರು 1960ರಲ್ಲಿ ಪ್ರಕಟಿಸಿದ ಕಾದಂಬರಿ ‘ದಿ ಸರ್ಪೆಂಟ್ ಅಂಡ್ ದಿ ರೋಪ್’, ಎಂದರೆ ಹಾವು ಮತ್ತು ಹಗ್ಗ. ಮೇಲ್ ಕೊಂಡ ಮನೆ ದಕ್ಷಿಣ ಫ್ರಾನ್ಸಿನ ಮೆನೆರ್ಬ್ ಎಂಬ ಹಳ್ಳಿಯ ಬಳಿ. ರಾಜಾರಾಯರ ಕಥಾನಾಯಕ ರಾಮಸ್ವಾಮಿ ಸಂಸಾರ ಮಾಡಿದ್ದು ಎಕ್ಸ್ ಎಂಬ ಪಟ್ಟಣದ ಬಳಿ. ಈ ಎರಡು ಊರುಗಳ ನಡುವಿನ ದೂರ ಹೆಚ್ಚುಕಡಿಮೆ ಗದಗಿಗೂ ಹುಬ್ಬಳ್ಳಿಗೂ ಇರುವಷ್ಟೆ. ಅದೇ ಬಿಸಿಲು, ಅದೇ ದ್ರಾಕ್ಷಿತೋಟ, ಮಿಸ್ಟ್ರಾಲ್ ಎಂಬ ಅದೇ ಗಾಳಿ. ಆದರೂ ಒಂದು ಪುಸ್ತಕದ ಜನ ಇನ್ನೊಂದರೊಳಗೆ ಕಾಲಿಟ್ಟರೆ ತಾವು ಯಾವ ದೇಶಕ್ಕೆ ಬಂದೆವೆಂದು ಬೆಪ್ಪಾಗುವರು.

ಮೇಲ್ ಮೊದಲು ಜಾಹೀರಾತಿನ ಉದ್ಯೋಗದಲ್ಲಿದ್ದವನು. ಅದನ್ನು ಬಿಟ್ಟು, ಹೆಂಡತಿಯೊಡನೆ ಹಳ್ಳಿಗೆ ಬಂದು, ಹಳೆಯ ರೈತಮನೆಯೊಂದನ್ನು ಕೊಂಡು ನೆಲಸಿದ. ಜನವರಿಯಿಂದ ಡಿಸೆಂಬರಿನವರೆಗೆ ತಿಂಗಳಿಗೊಂದರಂತೆ ಹನ್ನೆರಡು ಅಧ್ಯಾಯಗಳು. ಕಥೆಯೆಂಬುದು ಇಲ್ಲವೇ ಇಲ್ಲ. ಚಳಿಗೆ ನೀರಿನ ಕೊಳವೆಗಳು ಒಡೆಯುತ್ತವೆ. ಅವನ್ನು ಸರಿಪಡಿಸಲು ಬಂದವನಿಗೆ ಗಾಳಿ ಏಕೆ ಇಷ್ಟು ಕೊರೆಯುತ್ತದೆಂಬುದರ ಬಗ್ಗೆ ತನ್ನದೇ ಒಂದು ಸಿದ್ಧಾಂತವಿದೆ. ಕೆಲಸಕ್ಕೆ ಮೊದಲು ಅದನ್ನು ಕೇಳಬೇಕು. ಅಡಿಗೆಮನೆಯ ಗೋಡೆ ಒಡೆದ ಗಾರೆಯವರು ನಾಳೆ ಬರುತ್ತೇವೆಂದು ಹೋದವರು ವಾರಗಟ್ಟಲೆ ಪತ್ತೆಯಿಲ್ಲ. ಹೊರಗೆ ಇಳಿಸಿದ ಕಲ್ಲಿನ ಮೇಜು ಮಿಸುಕದಷ್ಟು ಭಾರ. ದ್ರಾಕ್ಷಿಯ ತೋಟವನ್ನು ನೆರೆಯ ರೈತ ಪಾಲಿಗೆ ಮಾಡುತ್ತಾನೆ. ಬೆಳೆಯಲ್ಲಿ ಯಾರಿಗೆಷ್ಟು ಎಂಬ ಕರಾರು ನಮ್ಮ ಕಡೆಯ ಒಕ್ಕಲಿಗರಿಗೆ ವಿವರಿಸದೆ ತಿಳಿಯುವಂಥದು. ವರ್ಷದ ಕೊನೆಗೂ ಮನೆ ಮುಗಿಯಲಿಲ್ಲ. ಆಗ ಗಂಡಹೆಂಡಿರು ಒಂದು ಉಪಾಯ ಮಾಡುತ್ತಾರೆ: ಕೆಲಸಗಾರರನ್ನೆಲ್ಲ ಅವರವರ ಹೆಂಡಿರೊಡನೆ ಔತಣಕ್ಕೆ ಕರೆಯುತ್ತಾರೆ. ಅರೆಬರೆಯಾದ ಕೆಲಸವನ್ನು ಹೆಂಡತಿಯ ಕಣ್ಣಿಗೆ ಬೀಳಿಸಲು ಯಾವ ಗಂಡಸು ಒಪ್ಪುತ್ತಾನೆ? ಕೆಲಸ ಮುಗಿಯುತ್ತದೆ.

ಇದನ್ನು ಓದುವಾಗ ನಗು ಬರುತ್ತದೆ. ನಗುತ್ತಲೇ ಒಂದು ಮಾತು ಮನಸ್ಸಿಗೆ ಹೊಳೆಯುತ್ತದೆ. ಪರಊರಿನಲ್ಲಿ ಬಾಳುವುದೆಂದರೆ ಅಲ್ಲಿನವರ ಕಾಲವನ್ನು, ಅವರ ‘ನಾಳೆ’ ಎಂಬ ಮಾತಿನ ಅರ್ಥವನ್ನು ಕಲಿಯುವುದು. ಆ ಪಾಠವನ್ನು ಕಲಿಸಿದವನು ಪಂಡಿತನಲ್ಲ, ಕೊಳವೆ ಕೂಡಿಸುವವನು.

ಹಾಗೆಂದು ಮೇಲ್‌ನನ್ನು ತಲೆಯ ಮೇಲೆ ಹೊರಬೇಕಾಗಿಲ್ಲ. ಅವನ ಪುಸ್ತಕದಲ್ಲಿ ಒಂದು ದೊಡ್ಡ ಕೊರತೆಯಿದೆ. ಅವನು ಹಣವಂತ. ಕೊಳವೆ ಒಡೆದರೆ ಚಳಿಯಾಗುತ್ತದೆ, ಬದುಕು ಒಡೆಯುವುದಿಲ್ಲ. ಆದ್ದರಿಂದ ಅವನ ಸಂಕಟವೆಲ್ಲ ವಿನೋದವಾಗಿ ತಿರುಗಬಲ್ಲದು. ನೆರೆಹೊರೆಯವರೂ ಹೆಚ್ಚಿನಮಟ್ಟಿಗೆ ವಿನೋದದ ಪಾತ್ರಗಳಾಗಿಯೇ ಉಳಿಯುತ್ತಾರೆ. ಅವರ ದುಃಖವೇನೆಂದು ನಮಗೆ ತಿಳಿಯುವುದಿಲ್ಲ. ಒಲೆ ಇದೆ, ಅದರ ಮುಂದೆ ಕುಳಿತು ಅತ್ತವರು ಯಾರೂ ಇಲ್ಲ.

ಇನ್ನು ನಮ್ಮವರ ಪುಸ್ತಕ. ರಾಜಾರಾಯರು 1929ರಲ್ಲಿ ಫ್ರಾನ್ಸಿಗೆ ಹೋದವರು, ಮೊಂಪೆಲಿಯೆಯಲ್ಲಿ ಓದಿದರು, ಅಲ್ಲಿಯೇ ಫ್ರೆಂಚ್ ಅಧ್ಯಾಪಕಿಯೊಬ್ಬರನ್ನು ಮದುವೆಯಾದರು. ದಕ್ಷಿಣ ಫ್ರಾನ್ಸಿನಲ್ಲಿ ಕನ್ನಡಿಗನೊಬ್ಬನ ಸಂಸಾರ ಹೇಗಿರುತ್ತದೆಂಬುದನ್ನು ಅನುಭವದಿಂದ ಬರೆಯಬಲ್ಲವರಾಗಿದ್ದರು. ನಮ್ಮ ಕಡೆಯವರು ನೆನೆಯಬೇಕಾದ ಇನ್ನೊಂದು ಸಂಗತಿಯೂ ಇದೆ. ಆಲೂರು ವೆಂಕಟರಾಯರು ಧಾರವಾಡದಲ್ಲಿ ಹುಟ್ಟುಹಾಕಿದ ‘ಜಯಕರ್ನಾಟಕ’ದಲ್ಲಿ, ಮೂವತ್ತರ ದಶಕದ ಮೊದಲಲ್ಲಿ, ಈ ರಾಜಾರಾಯರ ಬರಹಗಳು ಕನ್ನಡದಲ್ಲಿಯೇ ಬೆಳಕು ಕಂಡವು. ಆ ದಾರಿಯಲ್ಲಿಯೇ ಅವರು ಮುಂದುವರಿದಿದ್ದರೆ ಫ್ರಾನ್ಸಿನ ಹಳ್ಳಿಯ ಬದುಕು ಕನ್ನಡ ಗದ್ಯದಲ್ಲಿ ಎಂದೋ ಬಂದಿರುತ್ತಿತ್ತೋ ಏನೋ. ಅವರು ಇಂಗ್ಲಿಷನ್ನು ಆಯ್ದುಕೊಂಡರು. ಅದು ಅವರ ಹಕ್ಕು. ಅದಕ್ಕಾಗಿ ಜಗಳವಾಡುವುದು ವಿಮರ್ಶೆಯ ಕೆಲಸವಲ್ಲ.

‘ಹಾವು ಮತ್ತು ಹಗ್ಗ’ದ ಹಿರಿಮೆಯನ್ನು ಅಲ್ಲಗಳೆಯುವವನು ನಾನಲ್ಲ. ಮೈಸೂರು ಸೀಮೆಯ ಬ್ರಾಹ್ಮಣ ಯುವಕ ರಾಮಸ್ವಾಮಿ, ಅವನ ಫ್ರೆಂಚ್ ಹೆಂಡತಿ ಮ್ಯಾಡಲೀನ್, ಇವರ ದಾಂಪತ್ಯ ಕೂಡಿದ ಬಗೆ, ಒಡೆದ ಬಗೆ ಇಲ್ಲಿನ ವಸ್ತು. ಶಂಕರರ ಅದ್ವೈತ, ಬುದ್ಧನ ದಾರಿ, ಮಧ್ಯಯುಗದ ಫ್ರಾನ್ಸಿನ ಪಾಷಂಡಪಂಥಗಳ ಇತಿಹಾಸ, ಎಲ್ಲವೂ ಈ ಮನೆಯೊಳಗೆ ಬಂದು ಕೂಡುತ್ತವೆ. ಮಾತಿನ ಓಟ ಒಮ್ಮೊಮ್ಮೆ ಮಂತ್ರದಂತೆ ಕೇಳಿಸುತ್ತದೆ. ಆದರೆ ಓದುತ್ತ ಓದುತ್ತ ಒಂದು ಸಣ್ಣ ಸಂದೇಹ ಕಾಡುತ್ತದೆ: ಈ ಮನೆಯಲ್ಲಿ ಒಲೆ ಹೊತ್ತಿಸುವವರು ಯಾರು? ಕನ್ನಡದ ಹುಡುಗ ಆ ಊರಿನ ಸಂತೆಯಲ್ಲಿ ಮೊದಲ ಸಲ ಏನು ಕೊಂಡ, ನೆರೆಯವಳು ಅವನನ್ನು ಏನೆಂದು ಕರೆದಳು, ಅನ್ನವಿಲ್ಲದ ದಿನ ಅವನಿಗೆ ಹೇಗಾಯಿತು? ಕಾದಂಬರಿಯ ಭಾರವೆಲ್ಲ ತತ್ತ್ವಚಿಂತನೆಯ ಮೇಲಿದೆ. ಇಂಥ ಪ್ರಶ್ನೆಗಳಿಗೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ವಿಚಿತ್ರವೆಂದರೆ, ಇದೇ ಲೇಖಕರಿಗೆ ಈ ಕಲೆ ಕರಗತವಾಗಿತ್ತು. 1938ರಲ್ಲಿ ಪ್ರಕಟವಾದ ‘ಕಾಂತಪುರ’ವನ್ನು ಅವರು ಬರೆದದ್ದು ಫ್ರಾನ್ಸಿನಲ್ಲಿದ್ದಾಗ. ಅದರಲ್ಲಿ ಘಟ್ಟ ಹತ್ತುವ ಗಾಡಿಗಳಿವೆ, ಕಾಫಿ ಏಲಕ್ಕಿಗಳ ಸಾಗಾಟವಿದೆ, ಯಾವ ಕೇರಿಯಲ್ಲಿ ಯಾರ ಮನೆ ಎಂಬ ಲೆಕ್ಕವಿದೆ, ಹೇಮಾವತಿ ಇದೆ, ಕೆಂಚಮ್ಮನ ಹರಕೆಯಿದೆ. ಕಥೆ ಹೇಳುವವಳು ಒಬ್ಬ ಮುದುಕಿ. ಅವಳಿಗೆ ಊರಿನ ಒಂದೊಂದು ಹೊಸ್ತಿಲೂ ಗೊತ್ತು. ಸಾವಿರಾರು ಮೈಲಿ ದೂರದಲ್ಲಿ ಕುಳಿತು ತೌರಿನ ಮಣ್ಣನ್ನು ಅಷ್ಟು ನಿಚ್ಚಳವಾಗಿ ಕಂಡವರಿಗೆ ಕಾಲ ಕೆಳಗಿನ ಮಣ್ಣು ಏಕೆ ಅಷ್ಟಾಗಿ ಕಾಣಲಿಲ್ಲ? ನನಗೆ ತೋರುವ ಉತ್ತರ ಇದು: ತೌರಿನಲ್ಲಿ ಸಣ್ಣದೆಲ್ಲ ಅರ್ಥದಿಂದ ತುಂಬಿರುತ್ತದೆ. ಪರನಾಡಿನಲ್ಲಿ ಸಣ್ಣದು ಬರಿಯ ತೊಂದರೆಯೆಂದು ತೋರುತ್ತದೆ; ದೊಡ್ಡದು ಮಾತ್ರ ಬರೆಯಲು ಯೋಗ್ಯವೆನ್ನಿಸುತ್ತದೆ. ಈ ಭ್ರಮೆ ರಾಜಾರಾಯರಂಥ ಹಿರಿಯರನ್ನೂ ಬಿಟ್ಟಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಾದಂಬರಿಕಾರನೇನು ಮನೆಖರ್ಚಿನ ಲೆಕ್ಕ ಬರೆಯುವ ಗುಮಾಸ್ತನೆ? ಔಚಿತ್ಯವೆಂಬುದೊಂದಿಲ್ಲವೆ? ಆಕ್ಷೇಪ ನ್ಯಾಯವಾದುದೆ. ಆದರೆ ಔಚಿತ್ಯದ ಹೆಸರಿನಲ್ಲಿಯೇ ನಾನು ಮರುಮಾತು ಹೇಳುತ್ತೇನೆ. ರಾಮಸ್ವಾಮಿ ಮ್ಯಾಡಲೀನರ ಕಥೆ ಮೂಲತಃ ಒಂದು ಮನೆಯ ಕಥೆ. ಕೊನೆಕೊನೆಗೆ ಅವಳು ಬೌದ್ಧವ್ರತಗಳನ್ನು ಹಿಡಿದು ಉಪವಾಸಕ್ಕೆ ತೊಡಗುತ್ತಾಳೆ. ಗಂಡಹೆಂಡಿರು ಬೇರೆಯಾದದ್ದು ಎಲ್ಲ ತತ್ತ್ವಚರ್ಚೆಗಿಂತ ನಿಚ್ಚಳವಾಗಿ ಓದುಗನ ಎದೆಗೆ ತಟ್ಟುವುದು ಅಲ್ಲಿಯೆ. ಕೂಡಿ ಉಣ್ಣುವುದು ನಿಂತ ಮೇಲೆ ಸಂಸಾರದಲ್ಲಿ ಇನ್ನೇನು ಉಳಿಯಿತು? ಎಂದರೆ, ಆ ಮಹಾಗ್ರಂಥವೂ ತನ್ನ ನೋವಿನ ಗಳಿಗೆಯಲ್ಲಿ ಊಟದ ಮೇಜಿನ ಬಳಿಗೇ ಬರಬೇಕಾಯಿತು.

ಗದುಗಿನವರಿಗೆ ಇದು ಹೊಸ ಮಾತಾಗಬಾರದು. ವೀರನಾರಾಯಣನ ಸನ್ನಿಧಿಯಲ್ಲಿ ನಾರಣಪ್ಪ ಭಾರತವನ್ನು ಹಾಡಿದನೆಂಬ ಪ್ರತೀತಿಯ ಊರು ನಮ್ಮದು. ವಿರಾಟಪರ್ವವೆಂದರೇನು? ಪರರಾಜ್ಯದಲ್ಲಿ ಹೊಟ್ಟೆ ಹೊರೆಯುವ ಒಂದು ವರ್ಷದ ಕಥೆ. ಧರ್ಮರಾಯ ಜೂಜಿನ ಜೊತೆಗಾರ, ಅರ್ಜುನ ಕುಣಿತ ಕಲಿಸುವವನು, ನಕುಲ ಸಹದೇವರಿಗೆ ಕುದುರೆ, ದನ. ದ್ರೌಪದಿ ರಾಣಿಯ ಮುಡಿ ಕಟ್ಟುವವಳು. ಭೀಮ ಬಾಣಸಿಗ. ಪ್ರತಿಯೊಬ್ಬನೂ ಹೆಸರು ಬದಲಿಸಿ, ತನಗೆ ಯಾವ ಕೆಲಸ ಬರುತ್ತದೆಂದು ಒಡೆಯನಿಗೆ ಹೇಳಿ, ನೌಕರಿ ಹಿಡಿಯಬೇಕು. ಕೀಚಕನ ಅವಮಾನ ತಾಳಲಾರದೆ ದ್ರೌಪದಿ ನಡುರಾತ್ರಿ ಎಲ್ಲಿಗೆ ಹೋಗುತ್ತಾಳೆ? ಅಡಿಗೆಮನೆಗೆ. ಆ ಪರ್ವದ ಶಿಖರವಿರುವುದು ಸೌಟು ಹಿಡಿದ ಕೈಯವನು ಮಲಗಿದ್ದ ಜಾಗದಲ್ಲಿ. ವನವಾಸದ ಹನ್ನೆರಡು ವರ್ಷದಲ್ಲಿ ಅವರು ತೀರ್ಥಗಳನ್ನು ಕಂಡರು, ಋಷಿಗಳ ಮಾತು ಕೇಳಿದರು, ಅದು ಯಾತ್ರೆ. ಅಜ್ಞಾತದ ಒಂದು ವರ್ಷ ಮಾತ್ರ ನಿಜವಾದ ಪರವಾಸ.

ಹೊಸಗನ್ನಡ ಇದನ್ನು ಪೂರ್ತಿ ಮರೆತಿದೆಯೆಂದರೆ ತಪ್ಪಾದೀತು. ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದ ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂಬ ಹೆಸರಿನಲ್ಲಿಯೇ ಎಂಥ ನಯವಾದ ನಗೆಯಿದೆ! ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ, ಹಳ್ಳಿಯ ಕಣ್ಣಿಗೆ ಸಂದ ಗೌರವವೆಂದು ನಾವು ಸಂತೋಷಪಡಬಹುದಾಗಿತ್ತು. ಆದರೆ ಇಂಥವನ್ನು ‘ಪ್ರವಾಸಸಾಹಿತ್ಯ’ ಎಂಬ ಒಂದೇ ಗೂಡಿನಲ್ಲಿಟ್ಟು, ತರಗತಿಯಲ್ಲಿ ಎರಡು ಸಾಲಿನ ಟಿಪ್ಪಣಿ ಕೊಟ್ಟು ಮುಂದೆ ಸಾಗುತ್ತೇವೆ. ಕಂಡದ್ದು ಬೇರೆ, ಬಾಳಿದ್ದು ಬೇರೆ ಎಂಬ ವಿವೇಚನೆ ನಮ್ಮ ಪಾಠದಲ್ಲಿ ಬರುವುದೇ ಇಲ್ಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಮುಂಡರಗಿಯ ಕಡೆಯಿಂದ ಬಂದು ನನ್ನಲ್ಲಿ ಕನ್ನಡ ಓದಿದ ಹುಡುಗನೊಬ್ಬ ಮುಂದೆ ಸಂಶೋಧನೆಗೆಂದು ಫ್ರಾನ್ಸಿಗೆ ಹೋದ. ಪಟ್ಟಣದಲ್ಲಿ ಬಾಡಿಗೆ ನಿಲುಕದೆ, ಕೆಲವು ಮೈಲಿ ಆಚೆಯ ಹಳ್ಳಿಯಲ್ಲಿ ಮನೆ ಹಿಡಿದ. ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ಕೇಳಿದಾಗ ಬರೆದು ಕಳಿಸಿದ. ಅದರಲ್ಲಿ ಇದ್ದುದೇನು? ಮನೆಯ ಕರಾರಿಗೆ ಬ್ಯಾಂಕಿನ ಖಾತೆ ಬೇಕು. ಖಾತೆಗೆ ವಿಳಾಸದ ದಾಖಲೆ ಬೇಕು. ವಿಳಾಸಕ್ಕೆ ದೀಪದ ಬಿಲ್ಲು ಬೇಕು. ಬಿಲ್ಲು ಬರಬೇಕಾದರೆ ಮನೆ ಬೇಕು. ಈ ಚಕ್ರವ್ಯೂಹದಲ್ಲಿ ಅವನು ಕಳೆದ ಮೂರು ವಾರ. ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಅಂಗಡಿಗಳೆಲ್ಲ ಮುಚ್ಚಿ ಎರಡರವರೆಗೆ ನಾಯಿಯೂ ಬೀದಿಯಲ್ಲಿಲ್ಲದ ಮೌನ. ಅಲ್ಲಿ ಕಟ್ಟಿಗೆಯನ್ನು ತೂಗುವುದಿಲ್ಲ, ಉದ್ದ ಅಗಲ ಎತ್ತರ ಒಂದೊಂದು ಮೀಟರಿನ ರಾಶಿಯನ್ನು ‘ಸ್ಟೇರ್’ ಎಂದು ಅಳೆದು ಕೊಡುತ್ತಾರೆ. ಅವನು ತಿಳಿಯದೆ ಹಸಿ ಓಕ್ ಕಟ್ಟಿಗೆ ಕೊಂಡ. ಮನೆಯೆಲ್ಲ ಹೊಗೆ. ಪಕ್ಕದ ಮನೆಯ ಮುದುಕಿ ಬಂದು, ಇದು ಒಣಗಲು ಇನ್ನೆರಡು ವರ್ಷ ಬೇಕೆಂದು ಕೈಸನ್ನೆಯಲ್ಲಿ ತಿಳಿಸಿ, ತನ್ನ ಒಣಕಟ್ಟಿಗೆಯಲ್ಲಿ ಒಂದು ಗಾಡಿ ತಳ್ಳಿಕೊಂಡು ಬಂದಳು. ಇವನು ಪ್ರತಿಯಾಗಿ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯಲ್ಲಿ ಅರ್ಧ ಕೊಟ್ಟ. ಆ ಮುದುಕಿಯೂ ತನ್ನ ಮಗನನ್ನು ದೂರದ ಊರಿಗೆ ಕಳಿಸಿದವಳೇ ಎಂಬುದು ಅವನಿಗೆ ತಿಳಿಯಲು ಒಂದು ಚಳಿಗಾಲ ಹಿಡಿಯಿತು.

ನಾನು ಕೆಂಪು ಶಾಯಿ ಹಿಡಿದು ಇದನ್ನೆಲ್ಲ ಹೊಡೆದುಹಾಕಿದೆ. ‘ವೈಯಕ್ತಿಕ ವಿವರ ಹೆಚ್ಚಾಯಿತು, ಅವಿಞೊಂ ನಗರದ ಪೋಪರ ಅರಮನೆಯಂಥ ಸ್ಥಳಗಳ ವರ್ಣನೆ ಸೇರಿಸುವುದು’ ಎಂದು ಅಂಚಿನಲ್ಲಿ ಬರೆದೆ. ಅವನು ವಿಧೇಯ. ಅರಮನೆಯನ್ನು ಸೇರಿಸಿದ. ಲೇಖನ ಅಚ್ಚಾಯಿತು, ಯಾರೂ ಓದಲಿಲ್ಲ. ಆಮೇಲೆ ಎಷ್ಟು ಕೇಳಿದರೂ, ‘ಬರೆಯೋವಂಥಾದ್ದು ಏನೂ ಇಲ್ಲರೀ ಸರ್’ ಎಂದು ಬಿಟ್ಟ. ನಲ್ಲಿಯ ನೀರಿಗೆ ದಿನಗಟ್ಟಲೆ ಕಾಯುವುದನ್ನೂ, ಕಪ್ಪತಗುಡ್ಡದ ಗಾಳಿಗೆ ಕದ ಬಡಿದುಕೊಳ್ಳುವುದನ್ನೂ ಬಲ್ಲ ಊರಿನ ಹುಡುಗ ಪರದೇಶದ ಗಾಳಿ ನೀರಿನ ಬಗ್ಗೆ ಬರೆದದ್ದು ನನಗೆ ಸಾಹಿತ್ಯವಾಗಿ ಕಾಣಲಿಲ್ಲ. ಹಾಗೆ ಕಾಣದಂತೆ ನನ್ನ ಕಣ್ಣನ್ನು ತಿದ್ದಿದ್ದು ನಾನು ಓದಿದ ಓದೇ ಇರಬೇಕು.

ಮೇಲ್ ಮತ್ತು ರಾಜಾರಾಯರ ನಡುವೆ ಒಂದು ಜಾಗ ಖಾಲಿಯಿದೆ. ಒಬ್ಬನಿಗೆ ಒಲೆ ಕಂಡಿತು, ಅದರ ಹಿಂದಿನ ದುಃಖ ಕಾಣಲಿಲ್ಲ. ಇನ್ನೊಬ್ಬರಿಗೆ ದುಃಖದ ಆಳ ಕಂಡಿತು, ಒಲೆ ಕಂಡೂ ಕಾಣದಂತಾಯಿತು. ಎರಡನ್ನೂ ಒಂದೇ ಕಣ್ಣಿನಲ್ಲಿ ಕಾಣುವ ಕನ್ನಡದ ಪುಸ್ತಕ ಇನ್ನು ಬರಬೇಕು. ಅದನ್ನು ಬರೆಯಬಲ್ಲವರು ಇಂದು ಅನೇಕ ದೇಶಗಳ ಸಣ್ಣಪುಟ್ಟ ಊರುಗಳಲ್ಲಿ ಬಾಡಿಗೆಯ ಮನೆಗಳಲ್ಲಿದ್ದಾರೆ. ಮನೆಯವರಿಗೆ ಫೋನಿನಲ್ಲಿ ಅದನ್ನೇ ದಿನವೂ ಹೇಳುತ್ತಿದ್ದಾರೆ. ಅದು ಬರೆಯತಕ್ಕ ಮಾತೆಂದು ಅವರಿಗೆ ತಿಳಿಸುವ ಕೆಲಸ ನಮ್ಮಂಥ ಅಧ್ಯಾಪಕರದು.

ಹುಡುಗನ ಆ ಮೊದಲ ಬರಹ ನನ್ನ ಕಪಾಟಿನಲ್ಲಿ ಇನ್ನೂ ಇದೆ. ಕೆಂಪು ಗೆರೆಗಳ ಕೆಳಗೆ ಅಕ್ಷರಗಳು ಚೆನ್ನಾಗಿಯೇ ಓದಿಸುತ್ತವೆ. ಈ ಸಲದ ಸಂಚಿಕೆಗೆ ಅದನ್ನು ಹಾಗೆಯೇ ಅಚ್ಚು ಹಾಕಿಸಲು ಒಪ್ಪಿಗೆ ಕೇಳಿ ಅವನಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.